ಚಕ್ರವೂ ನೆಲವೂ

ನಮ್ಮ ತರಗತಿಯ ಕೆಲವು ಬೆಂಚುಗಳಿಗೆ ಒಂದು ದುರಭ್ಯಾಸವುಂಟು. ಈಚೆ ಒರಗಿದರೆ ಆಚೆಯ ಕಾಲು ಮೇಲೇಳುತ್ತದೆ; ಆಚೆ ಒರಗಿದರೆ ಈಚೆಯ ಕಾಲು ಮೇಲೇಳುತ್ತದೆ. ಬರೆಯುವವನ ಅಕ್ಷರಗಳು ಬೆಂಚಿನೊಡನೆ ತಾವೂ ಕುಣಿಯುತ್ತವೆ. ಕೊನೆಗೆ ಜಾಣ ಹುಡುಗನೊಬ್ಬನು ಹಳೆಯ ನೋಟುಬುಕ್ಕಿನ ಹಾಳೆಯೊಂದನ್ನು ನಾಲ್ಕಾರು ಸಲ ಮಡಚಿ ಆ ಕಾಲಿನ ಅಡಿಯಲ್ಲಿ ತುರುಕುತ್ತಾನೆ. ಬೆಂಚು ಸುಮ್ಮನಾಗುತ್ತದೆ. ಆದರೆ ಮೂರು ಕಾಲಿನ ಸ್ಟೂಲಿಗೆ ಈ ರೋಗವು ಎಂದೂ ತಗಲುವುದಿಲ್ಲ. ಯಾವ ಮೂರು ಬಿಂದುಗಳನ್ನು ತೆಗೆದುಕೊಂಡರೂ ಅವು ಒಂದೇ ಸಮತಲದಲ್ಲಿರುತ್ತವೆ ಎಂದು ರೇಖಾಗಣಿತದಲ್ಲಿ ಓದಿದ್ದೇವೆ. ನಾಲ್ಕನೆಯ ಬಿಂದುವು ಆ ಸಮತಲದಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಬೆಂಚಿನ ಕುಣಿತಕ್ಕೆ ಕಾರಣವಿಷ್ಟೆ.

ಬಾಂದ್ರಾ ನಿಲ್ದಾಣದ ಹೊರಗೆ ಸಾಲುಗಟ್ಟಿ ನಿಲ್ಲುವ ಆಟೋರಿಕ್ಷಾಗಳನ್ನು ನೋಡಿರಿ. ಮಾಹಿಮ್ ಖಾಡಿಯನ್ನು ದಾಟಿ ದಕ್ಷಿಣದ ನಗರದೊಳಗೆ ಹೋಗಲು ಅವಕ್ಕೆ ಅಪ್ಪಣೆಯಿಲ್ಲ. ಆದರೆ ಬಾಂದ್ರಾದಿಂದ ಉತ್ತರಕ್ಕೆ ಮಳೆಗಾಲವು ತೋಡಿದ ಹೊಂಡಗಳ ನಡುವೆ ಅವು ಮೂರು ಕಾಲಿನ ಸ್ಟೂಲಿನಂತೆ ಮೂರೂ ಚಕ್ರಗಳನ್ನು ನೆಲಕ್ಕೆ ಊರಿಕೊಂಡು ಸಾಗುತ್ತವೆ. ಆದರೆ ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೂ ಇದೆ. ವೇಗವಾಗಿ ತಿರುಗಿಸಿದರೆ ಮೂರು ಚಕ್ರದ ಗಾಡಿಯು ಸುಲಭವಾಗಿ ಮಗುಚುತ್ತದೆ. ಆದುದರಿಂದ ಮೋಟಾರುಗಳಿಗೆ ಸಾಮಾನ್ಯವಾಗಿ ನಾಲ್ಕು ಚಕ್ರಗಳಿರುತ್ತವೆ. ನಾಲ್ಕು ಚಕ್ರಗಳೊಡನೆ ಬೆಂಚಿನ ರೋಗವೂ ಬರುತ್ತದೆ. ಸಮವಾದ ಡಾಂಬರು ರಸ್ತೆಯಲ್ಲಿ ಆ ರೋಗವು ಮಲಗಿರುತ್ತದೆ. ಕಲ್ಲು, ಕೊರಕಲು, ಕೆಸರುಗಳ ಕಾಡುದಾರಿಯಲ್ಲಿ ಅದು ಎಚ್ಚರಗೊಳ್ಳುತ್ತದೆ.

ಕಳೆದ ದೀಪಾವಳಿಯ ರಜೆಯಲ್ಲಿ ಈ ಬೆಂಚಿನ ಪಾಠವನ್ನು ನಾನು ಸಹ್ಯಾದ್ರಿಯ ಮೇಲೆ ಎರಡನೆಯ ಸಲ ಕಲಿಯಬೇಕಾಯಿತು. ಮುಂಬಯಿಯ ಕನ್ನಡ ಮನೆಗಳಲ್ಲಿ ಕೊಲ್ಲೂರಿನ ಹೆಸರನ್ನು ಕೇಳದವರು ವಿರಳ. ಕುರ್ಲಾದ ಲೋಕಮಾನ್ಯ ಟಿಳಕ್ ಟರ್ಮಿನಸ್ಸಿನಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸನ್ನು ಹತ್ತಿದರೆ ಮರುದಿನ ನಸುಕಿಗೆ ಬೈಂದೂರಿನ ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ ಇಳಿಯಬಹುದು. ಅಲ್ಲಿಂದ ಕೊಲ್ಲೂರು, ದೇವಿಯ ದರ್ಶನವಾದ ಮೇಲೆ ಹಲವರಿಗೆ ಕೊಡಚಾದ್ರಿಯ ಆಸೆ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ಈ ಬೆಟ್ಟವು ಸಮುದ್ರಮಟ್ಟದಿಂದ 1343 ಮೀಟರ್ ಎತ್ತರವಾಗಿದೆ. ಕೊಲ್ಲೂರಿನಿಂದ ಬಾಡಿಗೆ ಜೀಪುಗಳು ಘಟ್ಟವನ್ನು ಏರಿ, ಸುತ್ತುಬಳಸಿನ ದಾರಿಯಲ್ಲಿ ಬೆಟ್ಟದ ಮೇಲಣ ದೇವಸ್ಥಾನದವರೆಗೆ ಹೋಗುತ್ತವೆ. ಅಲ್ಲಿಂದ ಮುಂದೆ ಸರ್ವಜ್ಞಪೀಠದವರೆಗೆ ನಡಿಗೆ. ಕೊನೆಯ ಕೆಲವು ಕಿಲೋಮೀಟರುಗಳನ್ನು ರಸ್ತೆಯೆಂದು ಕರೆಯಲು ಧೈರ್ಯ ಬೇಕು. ಅದು ಕೆಂಪು ಮಣ್ಣಿನಲ್ಲಿ ಮಳೆನೀರೂ ಜೀಪಿನ ಚಕ್ರಗಳೂ ಕೂಡಿ ಕೆತ್ತಿದ ಒಂದು ಜಾಡು.

ನಾವು ಎಂಟು ಮಂದಿ ಇದ್ದೆವು. ಒಬ್ಬ ಅಜ್ಜಿಯೂ ಇಬ್ಬರು ಸಣ್ಣ ಮಕ್ಕಳೂ ಸೇರಿ. ಜೀಪು ಹಳೆಯದು, ನಾಲ್ಕೂ ಚಕ್ರಗಳಿಗೆ ಎಂಜಿನಿನ ಬಲವನ್ನು ಕೊಡಬಲ್ಲದು. ಕಡಿದಾದ ಒಂದು ತಿರುವಿನಲ್ಲಿ ಮುಂದಿನ ಬಲಚಕ್ರವು ಮಳೆನೀರು ಕೊರೆದ ತಗ್ಗಿಗೆ ಇಳಿಯಿತು. ಅದೇ ಹೊತ್ತಿಗೆ ಹಿಂದಿನ ಎಡಚಕ್ರವು ಇನ್ನೊಂದು ತಗ್ಗಿನ ಮೇಲೆ ನೇತಾಡಿತು. ಜೀಪು ನಿಂತಿತು. ಆ ಎರಡು ಚಕ್ರಗಳು ಮಾತ್ರ ಗಿರ್ರನೆ ತಿರುಗುತ್ತ ಮಣ್ಣನ್ನು ಹಿಂದಕ್ಕೆ ಎರಚತೊಡಗಿದವು. ಒಂದು ಬದಿಯಲ್ಲಿ ಆಳವಾದ ಕಣಿವೆ. ನಮ್ಮೊಡನಿದ್ದ ತರುಣನೊಬ್ಬನು, "ಆಕ್ಸಲರೇಟರ್ ಇನ್ನಷ್ಟು ಒತ್ತಿ!" ಎಂದು ಕೂಗಿದನು. ಚಾಲಕರು ಅದಕ್ಕೆ ವಿರುದ್ಧವಾಗಿ ಕಾಲನ್ನೇ ತೆಗೆದುಬಿಟ್ಟರು. ನನ್ನ ಕಡೆ ತಿರುಗಿ, "ಚಕ್ರ ತಿರುಗಿದ್ರೆ ಆಗ್ಲಿಲ್ಲ ಮಾಷ್ಟ್ರೇ, ನೆಲ ಹಿಡೀಬೇಕು" ಎಂದರು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ಒಂದು ಮಾತಿನ ವ್ಯಾಖ್ಯಾನವೆಂದು ತಿಳಿದರೂ ಸರಿಯೆ.

ಚಕ್ರವು ನೆಲವನ್ನು ಹಿಡಿಯುವುದೆಂದರೇನು? ಮೇಜಿನ ಮೇಲೆ ಒಂದು ಪುಸ್ತಕವನ್ನಿಟ್ಟು ಬೆರಳಿನಿಂದ ತಳ್ಳಿರಿ. ಅದು ಹಗುರಾಗಿ ಜಾರುತ್ತದೆ. ಅದರ ಮೇಲೆ ಇನ್ನು ಮೂರು ಪುಸ್ತಕಗಳನ್ನು ಹೇರಿ ತಳ್ಳಿರಿ. ಹೆಚ್ಚು ಬಲ ಬೇಕಾಗುತ್ತದೆ. ಘರ್ಷಣೆಯು ಒತ್ತುವ ಭಾರವನ್ನು ಅನುಸರಿಸಿ ಹೆಚ್ಚುಕಡಿಮೆಯಾಗುತ್ತದೆ. ಟಯರು ನೆಲವನ್ನು ಹಿಂದಕ್ಕೆ ತಳ್ಳಿದಾಗ ವಾಹನವು ಮುಂದಕ್ಕೆ ಹೋಗುತ್ತದೆ. ಆ ತಳ್ಳುವಿಕೆಗೆ ಆಸರೆಯಾಗಿರುವುದು ಈ ಘರ್ಷಣೆಯೇ. ಒಂದು ಚಕ್ರದ ಮೇಲೆ 300 ಕಿಲೋ ಭಾರವಿದ್ದು, ಆ ಮಣ್ಣಿನಲ್ಲಿ ಭಾರದ ಹತ್ತರಲ್ಲಿ ಆರು ಪಾಲಿನಷ್ಟು ಹಿಡಿತ ಸಿಗುವುದೆಂದು ಇಟ್ಟುಕೊಳ್ಳೋಣ. ಆಗ ಆ ಚಕ್ರವು 180 ಕಿಲೋ ತೂಕದಷ್ಟು ಬಲದಿಂದ ವಾಹನವನ್ನು ಮುಂದೂಡಬಲ್ಲದು. ಭಾರವೇ ಇಲ್ಲದ ಚಕ್ರದ ಹಿಡಿತವು ಸೊನ್ನೆ. ಅದು ಎಷ್ಟು ವೇಗವಾಗಿ ತಿರುಗಿದರೂ ಸೊನ್ನೆಯೇ. ಎಂಜಿನಿನ ಶಕ್ತಿಯನ್ನು ಹತ್ತು ಪಟ್ಟು ಹೆಚ್ಚಿಸಿದರೂ ಸೊನ್ನೆಯು ಬೆಳೆಯುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ಎರಡು ಚಕ್ರಗಳು ಹಗುರಾದರೆ ಜೀಪಿನ ಭಾರವೆಲ್ಲ ಮಿಕ್ಕ ಎರಡರ ಮೇಲೆ ಬಿದ್ದಿರುತ್ತದೆಯಷ್ಟೆ? ಅವುಗಳ ಹಿಡಿತವು ಹೆಚ್ಚಿರಬೇಕು. ಹಾಗಿದ್ದರೆ ಅವು ಏಕೆ ಜೀಪನ್ನು ಎಳೆಯಲಿಲ್ಲ? ಇದಕ್ಕೆ ಉತ್ತರವು ಅಚ್ಚಿನ ನಡುವೆ ಅಡಗಿರುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಕೂಟದಲ್ಲಿದೆ. ವಾಹನವು ತಿರುವಿನಲ್ಲಿ ಹೋಗುವಾಗ ಹೊರಬದಿಯ ಚಕ್ರವು ಹೆಚ್ಚು ದೂರವನ್ನು ಕ್ರಮಿಸಬೇಕು. ಎರಡು ಚಕ್ರಗಳ ನಡುವಣ ಅಂತರವು 1.25 ಮೀಟರ್ ಇದ್ದರೆ, ಬೀದಿಯ ಮೂಲೆಯಲ್ಲಿ ಕಾಲುಸುತ್ತು ತಿರುಗುವಷ್ಟರಲ್ಲಿ ಹೊರಚಕ್ರವು ಒಳಚಕ್ರಕ್ಕಿಂತ ಸುಮಾರು 2 ಮೀಟರ್ ಹೆಚ್ಚು ಉರುಳುತ್ತದೆ. ಎರಡನ್ನೂ ಒಂದೇ ಸಲಾಕೆಗೆ ಬಿಗಿದಿದ್ದರೆ ಟಯರುಗಳು ಉಜ್ಜಿ ಸವೆದುಹೋಗುತ್ತಿದ್ದವು. ಡಿಫರೆನ್ಷಿಯಲ್ ಅವುಗಳಿಗೆ ಬೇರೆಬೇರೆ ವೇಗದಲ್ಲಿ ತಿರುಗುವ ಸ್ವಾತಂತ್ರ್ಯವನ್ನು ಕೊಡುತ್ತದೆ. ಆದರೆ ಬಲವನ್ನು ಮಾತ್ರ ಎರಡಕ್ಕೂ ಸಮಸಮನಾಗಿ ಹಂಚುತ್ತದೆ.

ಈ ಸಮಪಾಲಿನಲ್ಲಿಯೇ ತೊಡಕಿದೆ. ಬಾವಿಯ ರಾಟೆಯ ಮೇಲೆ ಹಾಯ್ದ ಹಗ್ಗವನ್ನು ನೆನೆಯಿರಿ. ಅದರ ಒಂದು ತುದಿಯನ್ನು ಯಾರೂ ಹಿಡಿದಿಲ್ಲ, ಅದಕ್ಕೆ ಕೊಡವನ್ನೂ ಕಟ್ಟಿಲ್ಲ. ನೀವು ಇನ್ನೊಂದು ತುದಿಯನ್ನು ಎಷ್ಟೇ ಜೋರಾಗಿ ಎಳೆದರೂ ಹಗ್ಗದಲ್ಲಿ ಬಿಗಿ ಹುಟ್ಟದು. ಹಗ್ಗವು ಸರ್ರನೆ ಓಡಿಬರುವುದು, ಅಷ್ಟೆ. ಹಾಗೆಯೇ ಅಚ್ಚಿನ ಒಂದು ಕೊನೆಯ ಚಕ್ರವು ನೆಲವನ್ನು ಹಿಡಿಯದೆ ಸುಮ್ಮನೆ ತಿರುಗುತ್ತಿದ್ದರೆ, ಇನ್ನೊಂದು ಕೊನೆಯ ಚಕ್ರಕ್ಕೂ ಅಷ್ಟೇ ಅಲ್ಪಬಲವು ದೊರೆಯುತ್ತದೆ. ನಾಲ್ಕು ಚಕ್ರಗಳಿಗೆ ಬಲವಿರುವ ಹಳೆಯ ಜೀಪಿನಲ್ಲಿ ಮುಂದಿನ ಅಚ್ಚು, ಹಿಂದಿನ ಅಚ್ಚು ಎರಡೂ ಕೂಡಿಕೊಂಡು ತಿರುಗುತ್ತವೆ, ನಿಜ. ಆದರೆ ಪ್ರತಿಯೊಂದು ಅಚ್ಚಿನಲ್ಲಿಯೂ ಒಂದೊಂದು ಡಿಫರೆನ್ಷಿಯಲ್ ಇದ್ದೇ ಇರುತ್ತದೆ. ಕರ್ಣರೇಖೆಯಲ್ಲಿರುವ ಎರಡು ಚಕ್ರಗಳು ಒಮ್ಮೆಗೇ ಹಗುರಾದರೆ ಎರಡು ಅಚ್ಚುಗಳೂ ಒಮ್ಮೆಗೇ ಸೋಲುತ್ತವೆ. ನಮ್ಮ ಜೀಪಿಗೆ ಆದುದು ಇದೇ.

ಇನ್ನು ಕಮಾನುಗಳ ಮಾತಿಗೆ ಬರೋಣ. ಬೆಂಚಿನ ಕಾಲುಗಳು ಗಟ್ಟಿಯಾಗಿ ಬಿಗಿದವು. ಆದುದರಿಂದಲೇ ಅದು ಕುಣಿಯುತ್ತದೆ. ಕಾಲುಗಳು ಬೇಕಾದಂತೆ ಉದ್ದವಾಗುವಂತೆಯೂ ಗಿಡ್ಡವಾಗುವಂತೆಯೂ ಇದ್ದಿದ್ದರೆ ಮಡಚಿದ ಹಾಳೆ ಬೇಕಾಗುತ್ತಿರಲಿಲ್ಲ. ವಾಹನದ ಮೈಗೂ ಚಕ್ರಗಳಿಗೂ ನಡುವೆ ಸ್ಪ್ರಿಂಗುಗಳನ್ನು ಇಡುವುದು ಕುಳಿತವರ ಬೆನ್ನಿಗೆ ಸುಖವಾಗಲೆಂದು ಮಾತ್ರವೆಂಬುದು ಸಾಮಾನ್ಯವಾದ ತಿಳುವಳಿಕೆ. ಆದರೆ ಕಾಡುದಾರಿಯಲ್ಲಿ ಅವುಗಳ ಮುಖ್ಯ ಕೆಲಸವು ಬೇರೆ. ತಗ್ಗು ಬಂದಲ್ಲಿ ಚಕ್ರವನ್ನು ಕೆಳಕ್ಕೆ ಇಳಿಸಿ, ದಿಣ್ಣೆ ಬಂದಲ್ಲಿ ಮೇಲಕ್ಕೆ ಏರಗೊಟ್ಟು, ನಾಲ್ಕೂ ಚಕ್ರಗಳಿಗೆ ನೆಲದ ಸಂಪರ್ಕವನ್ನು ಉಳಿಸುವುದೇ ಆ ಕೆಲಸ. ಚಕ್ರವು ಹೀಗೆ ಮೇಲಿನ ಮೇರೆಯಿಂದ ಕೆಳಗಿನ ಮೇರೆಯವರೆಗೆ ಚಲಿಸಬಲ್ಲ ಅಂತರವನ್ನು ಚಕ್ರದ ಏರಿಳಿತವೆಂದು ಕರೆಯೋಣ. ಬೆಟ್ಟದ ವಾಹನಕ್ಕೆ ಎಂಜಿನಿನ ಶಕ್ತಿಗಿಂತ ಈ ಏರಿಳಿತವು ಕಡಿಮೆ ಮುಖ್ಯವಲ್ಲ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಎರಡು ಜೀಪುಗಳು, ಎರಡರ ತೂಕವೂ 1200 ಕಿಲೋ, ಒಂದೊಂದು ಚಕ್ರದ ಮೇಲೆ 300 ಕಿಲೋ. ಮೊದಲನೆಯದರ ಸ್ಪ್ರಿಂಗುಗಳು ಬಿರುಸಾದವು. ಅವುಗಳನ್ನು ಒಂದು ಸೆಂಟಿಮೀಟರ್ ಅಮುಕಲು 50 ಕಿಲೋ ಭಾರ ಬೇಕು. ಎರಡನೆಯದರವು ಮೆದುವಾದವು, ಅವಕ್ಕೆ 25 ಕಿಲೋ ಸಾಕು. ಸಮನೆಲದಲ್ಲಿ ನಿಂತಾಗ ಮೊದಲನೆಯ ಜೀಪಿನ ಸ್ಪ್ರಿಂಗುಗಳು 6 ಸೆಂಟಿಮೀಟರ್ ಅಮುಕಿರುತ್ತವೆ, ಎರಡನೆಯದರವು 12 ಸೆಂಟಿಮೀಟರ್. ಈಗ ಕೊರಕಲಿನಲ್ಲಿ ಕರ್ಣರೇಖೆಯ ಎರಡು ಚಕ್ರಗಳು 5 ಸೆಂಟಿಮೀಟರ್ ಕೆಳಗಿಳಿಯಬೇಕಾಯಿತು, ಉಳಿದೆರಡು ಅಷ್ಟೇ ಮೇಲೇರಬೇಕಾಯಿತು ಎಂದುಕೊಳ್ಳಿರಿ. ಬಿರುಸಾದ ಸ್ಪ್ರಿಂಗಿನ ಜೀಪಿನಲ್ಲಿ ಇಳಿದ ಚಕ್ರಗಳ ಮೇಲೆ ಉಳಿಯುವ ಭಾರವು 50 ಕಿಲೋ ಮಾತ್ರ. ಏರಿದವುಗಳ ಮೇಲೆ 550 ಕಿಲೋ. ಮೆದುವಾದ ಸ್ಪ್ರಿಂಗಿನ ಜೀಪಿನಲ್ಲಿ ಇಳಿದವುಗಳ ಮೇಲೆ 175, ಏರಿದವುಗಳ ಮೇಲೆ 425.

ಹತ್ತರಲ್ಲಿ ಆರು ಪಾಲಿನ ಹಿಡಿತದಂತೆ, ಮೊದಲನೆಯ ಜೀಪಿನ ಹಗುರವಾದ ಚಕ್ರಕ್ಕೆ 30 ಕಿಲೋ ಬಲ. ಡಿಫರೆನ್ಷಿಯಲ್ ಇನ್ನೊಂದು ಕೊನೆಗೂ 30 ಅನ್ನೇ ಕೊಡುವುದರಿಂದ ಒಂದು ಅಚ್ಚಿಗೆ 60, ಎರಡಕ್ಕೆ 120. ಎರಡನೆಯ ಜೀಪಿನ ಹಗುರವಾದ ಚಕ್ರಕ್ಕೆ 105. ಒಂದು ಅಚ್ಚಿಗೆ 210, ಎರಡಕ್ಕೆ 420. ನಾಲ್ಕು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೇರುವ ದಾರಿಯಲ್ಲಿ 1200 ಕಿಲೋ ತೂಕದ ಜೀಪು ಕೆಳಕ್ಕೆ ಜಾರದಂತೆ ಹಿಡಿಯಲು ಸುಮಾರು 290 ಕಿಲೋ ಬಲ ಬೇಕು. ಮೊದಲನೆಯದು ಅಲ್ಲಿಯೇ ನಿಂತು ಮಣ್ಣೆರಚುತ್ತದೆ. ಎರಡನೆಯದು ಸದ್ದಿಲ್ಲದೆ ಏರಿಹೋಗುತ್ತದೆ. ಇಬ್ಬರಿಗೂ ಎಂಜಿನು ಒಂದೇ, ಟಯರು ಒಂದೇ, ದಾರಿಯೂ ಒಂದೇ. ವ್ಯತ್ಯಾಸವಿರುವುದು ಭಾರವು ಹಂಚಿಕೊಂಡ ರೀತಿಯಲ್ಲಿ ಮಾತ್ರ. ದಾರಿಯು ಇನ್ನೂ ತಿರುಚಿಕೊಂಡು ಚಕ್ರವು 6 ಸೆಂಟಿಮೀಟರಿಗಿಂತ ಹೆಚ್ಚು ಇಳಿಯಬೇಕಾದಾಗ ಮೊದಲನೆಯ ಜೀಪಿನ ಚಕ್ರವು ಗಾಳಿಯಲ್ಲಿ ನಿಲ್ಲುತ್ತದೆ. ಎರಡನೆಯದರ ಚಕ್ರವು ಆಗಲೂ ನೆಲವನ್ನು ಬಿಟ್ಟಿರುವುದಿಲ್ಲ.

ಹಾಗಾದರೆ ಎಲ್ಲ ವಾಹನಗಳಿಗೂ ಮೆದುವಾದ, ಉದ್ದವಾದ ಸ್ಪ್ರಿಂಗುಗಳನ್ನೇ ಏಕೆ ಹಾಕಬಾರದು? ಅದಕ್ಕೆ ಅಡ್ಡಿಗಳುಂಟು. ಮೆದುವಾದ ಸ್ಪ್ರಿಂಗಿನ ಎತ್ತರದ ವಾಹನವು ಹೆದ್ದಾರಿಯ ತಿರುವಿನಲ್ಲಿ ದೋಣಿಯಂತೆ ಒಂದು ಪಕ್ಕಕ್ಕೆ ವಾಲುತ್ತದೆ. ಜನರನ್ನೂ ಸಾಮಾನನ್ನೂ ತುಂಬಿದಾಗ ಅದು ಕುಸಿದು, ಮೇಲಕ್ಕೆ ಏರಲು ಬೇಕಾದ ಅಂತರವೇ ಉಳಿಯುವುದಿಲ್ಲ. ಅಚ್ಚು ರಬ್ಬರಿನ ತಡೆಗಳಿಗೆ ಬಂದು ಬಡಿಯುತ್ತದೆ. ಹಗಲೆಲ್ಲ ಎಂಟು ಹತ್ತು ಜನರನ್ನು ಹೊರುವ ಬೆಟ್ಟದ ಬಾಡಿಗೆ ಜೀಪಿಗೆ ಬಿರುಸಾದ ಕಮಾನುಗಳನ್ನು ಕೂಡಿಸುವುದು ಈ ಕಾರಣದಿಂದ. ಅದರ ಚಾಲಕನು ಸ್ಪ್ರಿಂಗಿನಲ್ಲಿಲ್ಲದ ಮೆದುತನವನ್ನು ತನ್ನ ಕೈಕಾಲುಗಳಲ್ಲಿ ತೋರಿಸಬೇಕಾಗುತ್ತದೆ.

ಜೀಪಿನ ಕಥೆಗೂ ನಮ್ಮ ಮುಂಬಯಿಗೂ ಹತ್ತಿರದ ಸಂಬಂಧವಿದೆ. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಸೈನ್ಯಕ್ಕಾಗಿ ತಯಾರಿಸಿದವು. ಅದರ ಎಂಜಿನಿನ ಬಲವು 60 ಕುದುರೆಗಳಷ್ಟು. ಮುಂದಿನ ಮತ್ತು ಹಿಂದಿನ ಅಚ್ಚುಗಳ ಅಂತರವು 80 ಅಂಗುಲ. ಯುದ್ಧವು ಮುಗಿದ ಮೇಲೆ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಇಲ್ಲಿಯ ಮಝಗಾಂವಿನಲ್ಲಿ ಜೋಡಿಸತೊಡಗಿತು. ಮುಂದೆ ದೇಶದಲ್ಲಿಯೇ ತಯಾರಿಸಿತು. ಬಾಂದ್ರಾದಿಂದ ಲೋಕಲ್ ಗಾಡಿಯಲ್ಲಿ ಉತ್ತರಕ್ಕೆ ಹೋದರೆ ಸಿಗುವ ಕಾಂದಿವಲಿಯಲ್ಲಿ ಆ ಸಂಸ್ಥೆಯ ಕಾರ್ಖಾನೆಯುಂಟು. ಮಲೆನಾಡಿನ ಕಾಫಿತೋಟಗಳಲ್ಲಿ, ಘಟ್ಟದ ಹಳ್ಳಿಗಳಲ್ಲಿ ತಲೆಮಾರುಗಳಿಂದ ದುಡಿದ ಜೀಪುಗಳು ಹೀಗೆ ಒಂದು ಬಗೆಯಲ್ಲಿ ನಮ್ಮ ನೆರೆಯವು.

ಆ ಹಳೆಯ ಜೀಪಿನ ರಚನೆಯು ಸರಳವಾದುದು. ಎಡಬಲದ ಚಕ್ರಗಳನ್ನು ಗಟ್ಟಿಯಾದ ಒಂದೇ ಅಚ್ಚು ಕೂಡಿಸುತ್ತದೆ. ಅಚ್ಚಿನ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಮಾನುಗಳಿರುತ್ತವೆ. ಹಿಂದೆ ಮುಂಬಯಿಯಲ್ಲಿ ಓಡುತ್ತಿದ್ದ ವಿಕ್ಟೋರಿಯಾ ಕುದುರೆಗಾಡಿಗೂ ಇಂತಹ ಕಮಾನುಗಳೇ ಇದ್ದವು. ಇಡಿಯ ಅಚ್ಚಿಗೆ ಒಂದು ಗುಣವಿದೆ. ಅದು ತಕ್ಕಡಿಯ ಕೋಲಿನಂತೆ; ಒಂದು ಕೊನೆಯನ್ನು ಕಲ್ಲು ಮೇಲಕ್ಕೆತ್ತಿದರೆ ಇನ್ನೊಂದು ಕೊನೆಯು ತಗ್ಗಿನೊಳಕ್ಕೆ ಒತ್ತಲ್ಪಡುತ್ತದೆ. ಆದರೆ ಪಟ್ಟಿಗಳ ಬಿರುಸು, ಅವು ಪರಸ್ಪರ ಉಜ್ಜುವ ಘರ್ಷಣೆ ಇವು ಆ ಓಲಾಟವನ್ನು ಬೇಗನೆ ತಡೆಯುತ್ತವೆ. 1970ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ರೇಂಜ್ ರೋವರ್ ವಾಹನದಲ್ಲಿ ಇಡಿಯ ಅಚ್ಚನ್ನು ಉಳಿಸಿಕೊಂಡು, ಪಟ್ಟಿಗಳಿಗೆ ಬದಲಾಗಿ ಮೆದುವಾದ ಸುರುಳಿ ಸ್ಪ್ರಿಂಗುಗಳನ್ನು ಇಟ್ಟರು. ನಮ್ಮ ದೇಶದಲ್ಲಿ 2020ರಲ್ಲಿ ಬಂದ ಹೊಸ ಥಾರ್ ವಾಹನದ ಹಿಂದಿನ ಅಚ್ಚಿಗೂ ಸುರುಳಿ ಸ್ಪ್ರಿಂಗುಗಳಿವೆ. ಅದರ ಮುಂದಿನ ಚಕ್ರಗಳಾದರೋ ಒಂದನ್ನೊಂದು ಅವಲಂಬಿಸದೆ ಬೇರೆಬೇರೆಯಾಗಿ ಏರಿಳಿಯುತ್ತವೆ.

ಏರಿಳಿತವು ಮುಗಿದು ಚಕ್ರವು ನೆಲವನ್ನು ಬಿಟ್ಟೇಬಿಟ್ಟರೆ ಇನ್ನೊಂದು ಉಪಾಯವಿದೆ: ಡಿಫರೆನ್ಷಿಯಲ್ಲಿಗೆ ಬೀಗ ಹಾಕುವುದು. ಆಗ ಎರಡು ಚಕ್ರಗಳೂ ಒಂದೇ ಸಲಾಕೆಗೆ ಬಿಗಿದಂತೆ ಜೊತೆಯಾಗಿ ತಿರುಗುತ್ತವೆ. ಪ್ರತಿಯೊಂದೂ ತನ್ನ ಭಾರಕ್ಕೆ ತಕ್ಕ ಬಲವನ್ನು ಪಡೆಯುತ್ತದೆ. ನಮ್ಮ ಲೆಕ್ಕದ ಬಿರುಸಾದ ಜೀಪಿಗೆ ಎರಡೂ ಅಚ್ಚುಗಳಲ್ಲಿ ಬೀಗವಿದ್ದರೆ ಒಂದೊಂದು ಅಚ್ಚಿಗೆ 30 ಮತ್ತು 330 ಕೂಡಿ 360, ಒಟ್ಟು 720 ಕಿಲೋ ಬಲ ದೊರೆಯುತ್ತದೆ. ಹಿಡಿತವು ಎಲ್ಲಿಗೂ ಹೋಗಿರಲಿಲ್ಲ. ಅದನ್ನು ಬಳಸಲು ದಾರಿಯಿರಲಿಲ್ಲ, ಅಷ್ಟೆ. ಇಂದಿನ ಕೆಲವು ವಾಹನಗಳಲ್ಲಿ ಇಂತಹ ಬೀಗವಿದೆ. ಮತ್ತೆ ಕೆಲವುಗಳಲ್ಲಿ, ಸುಮ್ಮನೆ ತಿರುಗುವ ಚಕ್ರವೊಂದಕ್ಕೆ ಮಾತ್ರ ಯಂತ್ರವು ತಾನಾಗಿಯೇ ಬ್ರೇಕನ್ನು ಒತ್ತುತ್ತದೆ. ಆಗ ರಾಟೆಯ ಹಗ್ಗದ ಸಡಿಲ ತುದಿಯನ್ನು ಯಾರೋ ಹಿಡಿದಂತಾಗಿ, ಇನ್ನೊಂದು ಚಕ್ರಕ್ಕೆ ಬಲವು ಹರಿಯುತ್ತದೆ.

ನಮ್ಮ ಜೀಪಿನಲ್ಲಿ ಇವಾವುವೂ ಇರಲಿಲ್ಲ. ಚಾಲಕರು ಕೈಬ್ರೇಕನ್ನು ಎಳೆದು, ಚಕ್ರಗಳಿಗೆ ಕಲ್ಲುಗಳನ್ನು ಒಡ್ಡಿ, ಎಲ್ಲರನ್ನೂ ಬೆಟ್ಟದ ಬದಿಗೆ ಇಳಿಸಿ ದೂರ ನಿಲ್ಲಿಸಿದರು. ಆಮೇಲೆ ನೆಲಕ್ಕೆ ಬಗ್ಗಿ ನಾಲ್ಕೂ ಚಕ್ರಗಳ ಅಡಿಯನ್ನು ನೋಡಿದರು. ಚಪ್ಪಟೆಯಾದ ಕಲ್ಲುಗಳನ್ನು ಆಯ್ದು ತಂದು, ನೇತಾಡುತ್ತಿದ್ದ ಚಕ್ರದ ಅಡಿಯಲ್ಲಿಯೂ ಮುಂದಿನ ತಗ್ಗಿನಲ್ಲಿಯೂ ಒತ್ತಾಗಿ ತುಂಬಿದರು. ನನಗೆ ಆ ಕ್ಷಣದಲ್ಲಿ ನೆನಪಾದುದು ಬೆಂಚಿನ ಕಾಲಿನಡಿಯ ಮಡಚಿದ ಹಾಳೆ. ಅನಂತರ ಅತಿ ಕೆಳಗಿನ ಗೇರಿನಲ್ಲಿ, ಎಂಜಿನಿನ ಸದ್ದೂ ಏರದಂತೆ, ಜೀಪು ಹುಳುವಿನಂತೆ ತೆವಳಿ ಮೇಲೆ ಬಂದಿತು. ಒಂದು ಹಿಡಿ ಮಣ್ಣೂ ಹಾರಲಿಲ್ಲ. ಅಜ್ಜಿಯು ಕೈಮುಗಿದರು.

ಆ ತರುಣನ ಮಾತಿನಂತೆ ಆಕ್ಸಲರೇಟರನ್ನು ಒತ್ತಿದ್ದರೆ ಏನಾಗುತ್ತಿತ್ತು? ತಿರುಗುವ ಚಕ್ರವು ತಗ್ಗನ್ನು ಇನ್ನೂ ಆಳವಾಗಿ ತೋಡುತ್ತಿತ್ತು. ಅಷ್ಟರಲ್ಲಿ ಅದಕ್ಕೆ ತಟಕ್ಕನೆ ಒಂದು ಕಲ್ಲು ಸಿಕ್ಕಿದ್ದರೆ, ವೇಗವಾಗಿ ತಿರುಗುತ್ತಿದ್ದ ಚಕ್ರವು ಜೀಪನ್ನು ಒಮ್ಮೆಲೆ ಎಸೆದುಬಿಡುತ್ತಿತ್ತು; ಯಾವ ಕಡೆಗೆಂದು ಹೇಳಬಲ್ಲವರಾರು? ಕಣಿವೆಯು ಎರಡು ಮಾರು ದೂರದಲ್ಲಿತ್ತು. ಅಪಾಯವಿಲ್ಲದ ಸ್ಥಳದಲ್ಲಿಯೂ ಹೀಗೆ ಮಾಡುವುದು ಸರಿಯಲ್ಲ. ಚಕ್ರವು ತೋಡಿದ ಮಣ್ಣು ಮುಂದಿನ ಮಳೆಯಲ್ಲಿ ಕೊಚ್ಚಿಹೋಗುತ್ತದೆ, ಕೊರಕಲು ಆಳವಾಗುತ್ತದೆ, ನಾಳೆ ಬರುವ ಜೀಪು ಅದನ್ನು ತಪ್ಪಿಸಲು ಪಕ್ಕದ ಹುಲ್ಲನ್ನು ತುಳಿದು ಹೊಸ ಜಾಡನ್ನು ಮಾಡುತ್ತದೆ. ಸಹ್ಯಾದ್ರಿಯ ಕಾಡು ಹುಲ್ಲುಗಾವಲುಗಳ ತೆಳುವಾದ ಮಣ್ಣು ಸಾವಿರಾರು ವರ್ಷಗಳ ಗಳಿಕೆ. ಅದನ್ನು ಒಂದು ನಿಮಿಷದ ಸದ್ದಿಗಾಗಿ ಎರಚಿಬಿಡುವ ಹಕ್ಕು ನಮಗಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ಮುಂದೆ ಎಂಜಿನಿಯರುಗಳಾಗಿ ಇದಕ್ಕಿಂತ ಒಳ್ಳೆಯ ಕಮಾನುಗಳನ್ನು ರಚಿಸುವಿರಿ. ಹಲವರು ವಾಹನವನ್ನು ನಡೆಸುವಿರಿ. ಎಂಜಿನಿನ ಗರ್ಜನೆಯನ್ನು ಕೇಳಿ ಅದನ್ನೇ ಶಕ್ತಿಯೆಂದು ತಿಳಿಯಬೇಡಿರಿ. ಎಲ್ಲಕ್ಕಿಂತ ವೇಗವಾಗಿ ತಿರುಗುವ ಚಕ್ರವೇ ಭಾರವನ್ನು ಹೊರದ ಚಕ್ರವೆಂಬುದನ್ನು ನೆನಪಿಡಿರಿ. ವಾಹನವು ಸಿಕ್ಕಿಕೊಂಡಾಗ ಮೊದಲು ಕಾಲನ್ನು ತೆಗೆಯಿರಿ, ಕೆಳಗಿಳಿಯಿರಿ, ಯಾವ ಚಕ್ರವು ನೆಲವನ್ನು ಬಿಟ್ಟಿದೆಯೆಂದು ನೋಡಿರಿ. ಸದ್ಯಕ್ಕೆ ಅಭ್ಯಾಸಕ್ಕೆಂದು ನಿಮ್ಮ ಬೆಂಚುಗಳಿವೆ. ಹಾಳೆಯನ್ನು ತುರುಕುವ ಮುನ್ನ ಯಾವ ಕಾಲು ಕುಣಿಯುತ್ತಿದೆ, ಭಾರವು ಯಾವ ಎರಡು ಕಾಲುಗಳ ಮೇಲೆ ನಿಂತಿದೆ ಎಂದು ಒಮ್ಮೆ ಬಗ್ಗಿ ನೋಡಿರಿ. ಕೊಡಚಾದ್ರಿಯ ಚಾಲಕರು ಮಾಡಿದುದು ಅದನ್ನೇ.